ಹಳೆಯ ಮನೆಯಲ್ಲಿ ಒಳಚರಂಡಿ ಉಕ್ಕಿದರೆ: ಕಟ್ಟಿಕೊಂಡದ್ದನ್ನು ತೆಗೆಸಬೇಕೇ, ವಾಲ್ವ್ ಕೂರಿಸಬೇಕೇ, ಪೈಪನ್ನೇ ಬದಲಿಸಬೇಕೇ?

ಪೈಪನ್ನು ಪೂರ್ತಿ ಬದಲಾಯಿಸಬೇಕೇ, ನೀರು ಹಿಂದಕ್ಕೆ ಬರದಂತೆ ತಡೆಯುವ ಒಂದು ವಾಲ್ವ್ ಹಾಕಿಸಿದರೆ ಸಾಕೇ, ಇಲ್ಲ ವರ್ಷಕ್ಕೊಮ್ಮೆ ಯಂತ್ರದವರನ್ನು ಕರೆಸಿ ಕಾಲ ತಳ್ಳುವುದೇ? ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಇರುವವರು ಮಳೆಗಾಲ ಸಮೀಪಿಸಿದಂತೆ ನನ್ನನ್ನು ಕೇಳುವುದು ಇದನ್ನೇ. ಕೇಳುವ ಹೊತ್ತಿಗೆ ಅವರ ಕೈಯಲ್ಲಿ ಮೂರು ಜನ ಪ್ಲಂಬರ್‌ಗಳು ಕೊಟ್ಟ ಮೂರು ಬಗೆಯ ಲೆಕ್ಕವಿರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ.

ನಮ್ಮ ಅಜ್ಜ ಕಟ್ಟಿಸಿದ ಮನೆಯಲ್ಲಿ ನಾವೂ ಇದೇ ಗೊಂದಲದಲ್ಲಿದ್ದೆವು. ಒಂದು ಸೆಪ್ಟೆಂಬರ್ ರಾತ್ರಿ ಜೋರು ಮಳೆ. ಬಚ್ಚಲಿನ ಮೂಲೆಯಲ್ಲಿದ್ದ ನಹನಿ ಟ್ರ್ಯಾಪ್‌ನ, ಅಂದರೆ ನೆಲದ ನೀರು ಇಳಿದುಹೋಗುವ ಬಾಯಿಯ, ಜಾಲರಿ ಮೊದಲು ಗುಳುಗುಳು ಎಂದಿತು, ಆಮೇಲೆ ಅದರ ಸುತ್ತ ಬೂದುಬಣ್ಣದ ನೀರು ತಟ್ಟೆಯಷ್ಟು ಅಗಲಕ್ಕೆ ಹರಡಿತು. ಅರ್ಧ ಗಂಟೆಯಲ್ಲಿ ಅದು ಹೊಸ್ತಿಲು ದಾಟಿ ನಡುಮನೆಗೆ ಬಂದಿತ್ತು. ಅಮ್ಮ ಅಕ್ಕಿಯ ಡಬ್ಬಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ಮರುವಾರ ಪ್ಲಂಬರ್ ಒಬ್ಬರ ಮಾತು ಕೇಳಿ, ಅರವತ್ತು ವರ್ಷ ಹೊಳಪು ಕೆಡದೆ ಉಳಿದಿದ್ದ ರೆಡ್ ಆಕ್ಸೈಡ್ ನೆಲವನ್ನು ಒಡೆಸಿ ಒಳಗಿನ ಪೈಪನ್ನೆಲ್ಲ ಬದಲಿಸಿದೆವು. ಮುಂದಿನ ಮಳೆಗಾಲದಲ್ಲಿ ನೀರು ಮತ್ತೆ ಉಕ್ಕಿತು. ತೊಂದರೆ ಇದ್ದದ್ದು ರಸ್ತೆಯ ಕೊಳವೆಯಲ್ಲಿ, ನಮ್ಮ ನೆಲದ ಅಡಿಯಲ್ಲಿ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಹಾಗಾಗಿ ಯಾವ ಉಪಾಯ ಒಳ್ಳೆಯದು ಎಂದು ಕೇಳುವ ಮೊದಲು, ನೀರು ಎಲ್ಲಿಂದ ಬರುತ್ತಿದೆ ಮತ್ತು ನಮ್ಮ ನೆಲ ಎಷ್ಟು ತಗ್ಗಿನಲ್ಲಿದೆ ಎಂಬ ಎರಡು ಸಂಗತಿ ಗೊತ್ತಾಗಬೇಕು. ಇವೆರಡು ತಿಳಿದರೆ ಮುಕ್ಕಾಲು ಪಾಲು ನಿರ್ಧಾರ ಆದಂತೆಯೇ.

ಹಳೆಯ ಮನೆಗೇ ಈ ಪಾಡು ಏಕೆ

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಹುಟ್ಟಿದವು. ಜಯನಗರ ಬಂದದ್ದು ಸ್ವಾತಂತ್ರ್ಯದ ಮರುವರ್ಷ. ಜಲಮಂಡಳಿ ಸ್ಥಾಪನೆಯಾದ 1964ಕ್ಕೂ ಮೊದಲು ಕಟ್ಟಿದ ಸಾವಿರಾರು ಮನೆಗಳು ಈ ಬೀದಿಗಳಲ್ಲಿವೆ. ಅವುಗಳ ಅಂಗಳದ ಅಡಿಯಲ್ಲಿ ಇಂದಿಗೂ ಇರುವುದು ಹೆಚ್ಚಾಗಿ ಸ್ಟೋನ್‌ವೇರ್ ಪೈಪು, ಅಂದರೆ ಉಪ್ಪಿನಕಾಯಿ ಜಾಡಿಯ ಹಾಗೆ ಮಣ್ಣನ್ನು ಸುಟ್ಟು ಮೆರುಗು ಕೊಟ್ಟ ಕೊಳವೆ.

ಆ ಪೈಪನ್ನು ನಾನು ಹಳಿಯುವುದಿಲ್ಲ. ಆಸಿಡ್‌ಗೂ ಜಗ್ಗದ, ತುಕ್ಕು ಹಿಡಿಯದ ಗಟ್ಟಿ ವಸ್ತು ಅದು. ಸೋಲುವುದು ಪೈಪಲ್ಲ, ಅದರ ಜೋಡಣೆ. ಸ್ಟೋನ್‌ವೇರ್ ಪೈಪು ಸಾಮಾನ್ಯವಾಗಿ ಎರಡು ಅಡಿಯ ತುಂಡುಗಳಲ್ಲಿ ಬರುತ್ತಿತ್ತು. ಹಿತ್ತಲಿನಿಂದ ರಸ್ತೆಯವರೆಗೆ 40 ಅಡಿ ಇದ್ದರೆ ಇಪ್ಪತ್ತು ತುಂಡು, ಹತ್ತೊಂಬತ್ತು ಜೋಡಣೆ. ಒಂದೊಂದನ್ನೂ ಸೆಣಬಿನ ಹುರಿ ಸುತ್ತಿ ಸಿಮೆಂಟ್ ಗಾರೆ ಮೆತ್ತಿ ಮುಚ್ಚಿರುತ್ತಾರೆ. ದಶಕಗಳ ನಂತರ ಗಾರೆ ಬಿರುಕು ಬಿಡುತ್ತದೆ, ತೇವ ಹೊರಗೆ ಜಿನುಗುತ್ತದೆ, ಆ ತೇವವನ್ನು ಹುಡುಕಿಕೊಂಡು ಬೇರು ಬರುತ್ತದೆ. ಒಮ್ಮೆ ನಮ್ಮ ಅಂಗಳದಲ್ಲಿ ತೆಗೆದ ಒಂದು ತುಂಡಿನೊಳಗೆ ಅತ್ತಿಯ ಬೇರು ಕುದುರೆಯ ಬಾಲದಂತೆ ಕೂತಿತ್ತು. ಕೂದಲಿನಷ್ಟು ಸಣ್ಣದಾಗಿ ಒಳಗೆ ನುಗ್ಗಿ, ಅಲ್ಲಿ ಸಾವಿರ ಎಳೆಯಾಗಿ ಒಡೆದು, ಬಂದ ಎಣ್ಣೆ, ಕೂದಲು, ಪಾತ್ರೆ ತಿಕ್ಕುವ ತೆಂಗಿನ ನಾರು, ಎಲ್ಲವನ್ನೂ ಹಿಡಿದಿಟ್ಟುಕೊಂಡಿತ್ತು. ಒಡೆದ ಜೋಡಣೆಯ ಸುತ್ತ ಹೆಗ್ಗಣ ಬಿಲ ತೋಡಿದರೆ ಮಣ್ಣು ಕುಸಿದು ಪೈಪೇ ಕೆಳಗಿಳಿಯುತ್ತದೆ. ಅಂಗಳದ ಒಂದೇ ಜಾಗದಲ್ಲಿ ಕಲ್ಲುಹಾಸು ಪದೇ ಪದೇ ತಗ್ಗಾಗುತ್ತಿದ್ದರೆ ಅದರ ಅಡಿಯಲ್ಲಿ ಇದೇ ನಡೆದಿರಬಹುದು.

ಇದಕ್ಕೆ ಇನ್ನೆರಡು ಕಾರಣ ಸೇರುತ್ತವೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗಬೇಕಿದ್ದ ಮನೆಗಳು ಈಗ ರಸ್ತೆಯ ಮಟ್ಟಕ್ಕೆ, ಕೆಲವು ಕಡೆ ಅದಕ್ಕಿಂತ ಕೆಳಗೆ ಬಂದಿವೆ. ಮತ್ತೆ, ಒಂದು ಕುಟುಂಬಕ್ಕೆಂದು ಹಾಕಿದ ನಾಲ್ಕು ಇಂಚಿನ ಪೈಪಿಗೆ ಈಗ ಮೂರು ಅಂತಸ್ತಿನ ನೀರು, ಮೂರು ವಾಷಿಂಗ್ ಮೆಷಿನ್‌ಗಳ ನೀರು ಸೇರುತ್ತಿದೆ.

ಮುನ್ಸೂಚನೆ ಓದುವುದು

ಒಳಚರಂಡಿ ಹೇಳದೆ ಕೇಳದೆ ಉಕ್ಕುವುದು ಕಡಿಮೆ. ವಾರಗಳ ಮೊದಲೇ ಸೂಚನೆ ಕೊಡುತ್ತದೆ. ವಾಷಿಂಗ್ ಮೆಷಿನ್ ನೀರು ಬಿಟ್ಟಾಗ ಕಮೋಡ್‌ನಲ್ಲಿ ಗುಳ್ಳೆ ಏಳುತ್ತದೆ. ಮೊದಲ ಮಹಡಿಯವರು ಸ್ನಾನ ಮಾಡಿದಾಗ ನೆಲಮಹಡಿಯ ನಹನಿ ಟ್ರ್ಯಾಪ್‌ನಲ್ಲಿ ನೀರು ಏರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸಂಜೆ ಹೊತ್ತು ಬಚ್ಚಲಿನಲ್ಲಿ ನಿಲ್ಲುತ್ತದೆ. ಜಿರಲೆ ದಿಢೀರನೆ ಹೆಚ್ಚಾಗುತ್ತವೆ.

ಒಂದೇ ಸಿಂಕ್ ಅಥವಾ ಒಂದೇ ಬಚ್ಚಲು ಕಟ್ಟಿದ್ದರೆ ತೊಂದರೆ ಅಲ್ಲಿಯೇ, ಆ ಟ್ರ್ಯಾಪ್‌ನಲ್ಲಿ. ಅದಕ್ಕೆ ಈ ಲೇಖನ ಬೇಕಿಲ್ಲ, ಟ್ರ್ಯಾಪ್ ಬಿಚ್ಚಿ ತೊಳೆದರೆ ಸಾಕು. ನೆಲಮಹಡಿಯ ಎಲ್ಲವೂ ಒಟ್ಟಿಗೆ ನಿಧಾನವಾದರೆ ಮಾತ್ರ ಮುಖ್ಯ ಪೈಪಿನ ಮೇಲೆ ಅನುಮಾನ ಪಡಬೇಕು.

ಆಗ ಮಾಡಬೇಕಾದ ಪರೀಕ್ಷೆ ಸುಲಭ. ಕಾಂಪೌಂಡ್ ಗೋಡೆಯ ಒಳಗಡೆ, ರಸ್ತೆಗೆ ಅತಿ ಹತ್ತಿರದಲ್ಲಿರುವ ಕೊನೆಯ ಚೇಂಬರಿನ, ಅಂದರೆ ಪೈಪು ಹಾದುಹೋಗುವ ಪರೀಕ್ಷಾ ಗುಂಡಿಯ, ಮುಚ್ಚಳ ತೆಗೆಸಿ. ತೆಗೆದ ಕೂಡಲೇ ಬಗ್ಗಿ ನೋಡಬೇಡಿ, ಗಾಳಿ ಹೊರಹೋಗಲು ಸ್ವಲ್ಪ ಹೊತ್ತು ಬಿಡಿ, ಬೆಂಕಿಕಡ್ಡಿ ಗೀರಬೇಡಿ. ಚೇಂಬರ್ ತುಂಬಿ ನಿಂತಿದ್ದರೆ ಕಟ್ಟಿರುವುದು ಅಲ್ಲಿಂದ ಮುಂದೆ, ಅಂದರೆ ರಸ್ತೆಯ ಕಡೆ. ಚೇಂಬರ್ ಖಾಲಿಯಾಗಿದ್ದು ಮನೆಯೊಳಗೆ ನೀರು ನಿಂತಿದ್ದರೆ ಕಟ್ಟಿರುವುದು ನಮ್ಮ ಪೈಪಿನಲ್ಲಿ. ಕೆಲವು ಹಳೆಯ ಮನೆಗಳಲ್ಲಿ ಈ ಕೊನೆಯ ಚೇಂಬರಿನಲ್ಲೇ ಬೀದಿಯ ಗಾಳಿ ಒಳಬರದಂತೆ ತಡೆಯುವ ಬಾಗಿದ ಟ್ರ್ಯಾಪ್ ಒಂದಿರುತ್ತದೆ. ಕಸ ಕೂರಲು ಅದಕ್ಕಿಂತ ಪ್ರಶಸ್ತ ಜಾಗವಿಲ್ಲ, ಮೊದಲು ಅದನ್ನು ನೋಡಿಸಿ.

ಇನ್ನೊಂದು ಗುರುತು: ಮನೆಯಲ್ಲಿ ಯಾರೂ ನಲ್ಲಿ ತಿರುಗಿಸದೇ ಇದ್ದರೂ ನೀರು ಉಕ್ಕಿದರೆ, ಅದೂ ಮಳೆ ಬಂದಾಗ ಮಾತ್ರ ಉಕ್ಕಿದರೆ, ನಮ್ಮ ತಾರಸಿಯ ನೀರು ಚೇಂಬರಿಗೆ ಸೇರುತ್ತಿಲ್ಲವೆಂದಾದಲ್ಲಿ, ಅದು ನಮ್ಮ ನೀರಲ್ಲ, ಬೀದಿಯದು.

ಯಾವುದರ ಮೇಲೆ ತೂಗಬೇಕು

ಮೊದಲ ಅಳತೆಗೋಲು ಈಗ ಹೇಳಿದ್ದೇ, ಕಟ್ಟಿರುವುದು ಯಾರ ಪೈಪಿನಲ್ಲಿ ಎಂಬುದು.

ಎರಡನೆಯದು ಮಟ್ಟ. ಜನ ಅತಿ ಹೆಚ್ಚು ಕಡೆಗಣಿಸುವುದು ಇದನ್ನು. ರಸ್ತೆಯ ಕೊಳವೆ ತುಂಬಿದಾಗ ನೀರು ಮ್ಯಾನ್‌ಹೋಲ್‌ಗಳಲ್ಲಿ ಮೇಲೇರುತ್ತದೆ, ಮುಚ್ಚಳದವರೆಗೆ ಬಂದರೆ ರಸ್ತೆಗೆ ಹರಿದುಹೋಗುತ್ತದೆ. ಆದ್ದರಿಂದ ಅದು ಏರಬಹುದಾದ ಎತ್ತರ ಆ ಮುಚ್ಚಳದ ಎತ್ತರ. ನಮ್ಮ ಬಚ್ಚಲಿನ ನೆಲ ಅದಕ್ಕಿಂತ ಮೇಲಿದ್ದರೆ ಬೀದಿಯ ನೀರು ಒಳಗೆ ಬರಲಾರದು, ಕೆಳಗಿದ್ದರೆ ಬಂದೇ ಬರುತ್ತದೆ. ಅಳೆಯಲು ಎಂಜಿನಿಯರ್ ಬೇಡ. ಗಾರೆ ಮೇಸ್ತ್ರಿಗಳು ಬಳಸುವ ಟ್ಯೂಬ್ ಲೆವೆಲ್ ಸಾಕು. ಪಾರದರ್ಶಕ ಪೈಪಿಗೆ ಗುಳ್ಳೆಯಿಲ್ಲದಂತೆ ನೀರು ತುಂಬಿಸಿ, ಒಂದು ತುದಿಯನ್ನು ಬಚ್ಚಲಲ್ಲಿ, ಇನ್ನೊಂದನ್ನು ನಮ್ಮ ಮನೆಯ ಪೈಪು ಸೇರುವ ಜಾಗಕ್ಕಿಂತ ಮೇಲ್ಗಡೆಯ ಮ್ಯಾನ್‌ಹೋಲ್ ಬಳಿ ಹಿಡಿದರೆ ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೂ ಮುಚ್ಚಳಕ್ಕೂ ಟೇಪು ಹಿಡಿದು ವ್ಯತ್ಯಾಸ ಬರೆದುಕೊಳ್ಳಿ. ಹತ್ತು ನಿಮಿಷದ ಕೆಲಸ. ನಾವು ಇದನ್ನು ಮೊದಲೇ ಮಾಡಿದ್ದರೆ ಆ ನೆಲ ಉಳಿಯುತ್ತಿತ್ತು. ನಮ್ಮ ಬಚ್ಚಲು ಮುಚ್ಚಳಕ್ಕಿಂತ ಏಳು ಇಂಚು ತಗ್ಗಿನಲ್ಲಿತ್ತು.

ಮೂರನೆಯದು ಪೈಪಿನ ಸ್ಥಿತಿ ಮತ್ತು ಇಳಿಜಾರು. ಹಳಬರ ಲೆಕ್ಕದಲ್ಲಿ ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ, ಆರು ಇಂಚಿನದಕ್ಕೆ 60 ಅಡಿಗೆ ಒಂದು ಅಡಿ ಇಳಿಜಾರು ಬೇಕು. ನಡುವೆ ಎಲ್ಲಾದರೂ ಪೈಪು ಜೋಕಾಲಿಯಂತೆ ಕುಸಿದಿದ್ದರೆ ಆ ತಗ್ಗಿನಲ್ಲಿ ಗಷ್ಟು ಕೂರುತ್ತಲೇ ಇರುತ್ತದೆ.

ನಾಲ್ಕನೆಯದು, ಪೈಪಿನ ಮೇಲೆ ಏನಿದೆ. ಬರೀ ಮಣ್ಣೇ, ಕಾರು ನಿಲ್ಲುವ ಜಾಗವೇ, ಮತ್ತೆ ಮಾಡಿಸಲಾಗದ ಹಳೆಯ ನೆಲವೇ, ಕಡಿಯಲು ಮನಸ್ಸು ಬಾರದ ಮರವೇ. ಐದನೆಯದು ಹಣ ಮತ್ತು ಕಾಲ: ಆ ಮನೆಯಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ, ನೋಡಿಕೊಳ್ಳಲು ಅಲ್ಲಿ ಯಾರಿದ್ದಾರೆ.

ಬಿದಿರು ದಬ್ಬೆ, ಸ್ಪ್ರಿಂಗ್ ಯಂತ್ರ, ಜೆಟ್

ಕಟ್ಟಿದ್ದನ್ನು ತೆಗೆಯುವ ಈ ಮೂರೂ ತಾತ್ಕಾಲಿಕ ಪರಿಹಾರಗಳು. ಬಿದಿರು ದಬ್ಬೆ ಅಥವಾ ಕಂಬಿ ತೂರಿಸುವುದು ಎಲ್ಲಕ್ಕಿಂತ ಅಗ್ಗ. ಬಟ್ಟೆ, ಪ್ಯಾಡ್, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ಕೆಲಸ ಮಾಡುತ್ತದೆ. ಆದರೆ ಬಿರುಕು ಬಿಟ್ಟ ಸ್ಟೋನ್‌ವೇರ್‌ಗೆ ಬಲವಾಗಿ ಕುಟ್ಟಿದರೆ ಇದ್ದ ಬಿರುಕು ಕಂಡಿಯಾಗುತ್ತದೆ. ಸುರುಳಿ ಸ್ಪ್ರಿಂಗ್ ತಿರುಗಿಸುವ ಯಂತ್ರ ಬೇರನ್ನು ಕತ್ತರಿಸಬಲ್ಲದು, ಆದರೆ ಬೇರಿನ ತಾಯಿ ಹೊರಗೇ ಇರುವುದರಿಂದ ಅದು ಮತ್ತೆ ಚಿಗುರುತ್ತದೆ. ಒತ್ತಡದ ನೀರಿನ ಜೆಟ್ ಎಣ್ಣೆ ಜಿಡ್ಡನ್ನೂ ಹೂಳನ್ನೂ ಚೆನ್ನಾಗಿ ತೊಳೆಯುತ್ತದೆ, ನನ್ನ ಅನುಭವದಲ್ಲಿ ಮೂರರಲ್ಲಿ ಇದೇ ಮೇಲು. ಜೋಡಣೆಗಳು ಸಡಿಲವಾಗಿವೆ ಎಂಬ ಅನುಮಾನವಿದ್ದರೆ ಒತ್ತಡ ತಗ್ಗಿಸಲು ಹೇಳಬೇಕು.

ವರ್ಷಕ್ಕೊಮ್ಮೆ ಮಾತ್ರ ಕಟ್ಟುವ, ಇಳಿಜಾರು ಸರಿಯಾಗಿರುವ ಪೈಪಿಗೆ ಪ್ರತಿ ವರ್ಷ ಮೇ ತಿಂಗಳಲ್ಲಿ ಒಮ್ಮೆ ಜೆಟ್ ಹಾಕಿಸಿ ನೆಮ್ಮದಿಯಾಗಿರಬಹುದು. ಆರು ತಿಂಗಳೊಳಗೆ ಮೂರನೇ ಸಲ ಕರೆಸುತ್ತಿದ್ದರೆ ಆ ಹಣವನ್ನು ಕೂಡಿಸಿ ಬೇರೆ ದಾರಿ ನೋಡುವ ಸಮಯ ಬಂದಿದೆ ಎಂದರ್ಥ. ಕ್ಯಾನಿನಲ್ಲಿ ಸಿಗುವ ಆಸಿಡ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಸ್ಟೋನ್‌ವೇರ್‌ಗೆ ಏನೂ ಆಗದು, ಅದರ ಸಿಮೆಂಟ್ ಜೋಡಣೆ ಕರಗುತ್ತದೆ. ಮರುದಿನ ಅಲ್ಲಿ ಕೈಯಿಡುವ ಕೆಲಸಗಾರನ ಚರ್ಮವೂ ಸುಡುತ್ತದೆ.

ರಸ್ತೆಯ ಕಡೆ ಕಟ್ಟಿದ್ದರೆ ಜಲಮಂಡಳಿಯ 1916 ಸಂಖ್ಯೆಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ಸಾಲಿನ ನಾಲ್ಕು ಮನೆಯವರು ಬೇರೆ ಬೇರೆಯಾಗಿ ದೂರು ಕೊಟ್ಟರೆ ಇದು ಒಂದು ಮನೆಯ ಸಮಸ್ಯೆಯಲ್ಲ ಎಂಬುದು ಕಾಗದದ ಮೇಲೆ ನಿಲ್ಲುತ್ತದೆ. ಕಾಂಪೌಂಡಿನಿಂದ ಆಚೆ ಪೈಪು ಮುರಿದಿದ್ದರೂ ಅನುಮತಿಯಿಲ್ಲದೆ ರಸ್ತೆ ಅಗೆಸಬೇಡಿ, ಮೊದಲು ಉಪವಿಭಾಗದ ಕಚೇರಿಗೆ ಹೋಗಿ ಬನ್ನಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಅವಸರದಲ್ಲಿ, ಹತ್ತಿರದಲ್ಲಿ ಸಿಕ್ಕ ಯಾರನ್ನೋ ಕರೆದು ‘ಸ್ವಲ್ಪ ಒಳಗಿಳಿದು ನೋಡಪ್ಪಾ’ ಎನ್ನುವವರಿದ್ದಾರೆ. ಮ್ಯಾನ್‌ಹೋಲ್ ಅಥವಾ ಆಳದ ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ, ವಾಸನೆ ಹೋಯಿತು ಎಂದುಕೊಂಡ ಕ್ಷಣದಲ್ಲೇ ಮನುಷ್ಯ ಕುಸಿಯುತ್ತಾನೆ. ರಕ್ಷಿಸಲು ಇಳಿದ ಎರಡನೆಯವನೂ ಉಳಿಯುವುದಿಲ್ಲ. ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಹೀಗೆ ಅಪಾಯಕಾರಿ ಸ್ವಚ್ಛತೆಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಆ ಜೀವಕ್ಕೆ ಅದು ಸಮವಲ್ಲ. ಯಂತ್ರ ಬರುವುದು ಮರುದಿನವಾದರೆ ಒಂದು ರಾತ್ರಿ ನೆಂಟರ ಮನೆಯಲ್ಲಿ ಕಳೆಯೋಣ, ಮನುಷ್ಯನನ್ನು ಇಳಿಸುವುದು ಬೇಡ.

ಮಳೆನೀರನ್ನು ಬೇರೆ ಮಾಡುವುದು

ಇದನ್ನು ಪರಿಹಾರವೆಂದು ಯಾರೂ ಎಣಿಸುವುದಿಲ್ಲ, ನಾನು ಮೊದಲು ಕೇಳುವುದೇ ಇದನ್ನು: ನಿಮ್ಮ ತಾರಸಿಯ ನೀರಿನ ಪೈಪು ಎಲ್ಲಿಗೆ ಸೇರುತ್ತದೆ? ಚೇಂಬರಿಗೆ ಎಂದಾದರೆ ಈ ಲೆಕ್ಕ ನೋಡಿ. 30×40 ಅಡಿ ಅಳತೆಯ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 5,500 ಲೀಟರ್ ನೀರು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕದಲ್ಲಿ ನಾಲ್ವರ ಕುಟುಂಬ ಹತ್ತು ದಿನ ಬಳಸುವ ನೀರು ಅದು. ಒಂದೆರಡು ಗಂಟೆಯಲ್ಲಿ ಅಷ್ಟೂ ನಾಲ್ಕು ಇಂಚಿನ ಪೈಪಿಗೆ ನುಗ್ಗುತ್ತದೆ. ಬೀದಿಯ ಎಲ್ಲ ಮನೆಯೂ ಹೀಗೆ ಮಾಡಿದರೆ ಯಾವ ಕೊಳವೆಯೂ ತಡೆಯದು. ಮಳೆನೀರನ್ನು ಒಳಚರಂಡಿಗೆ ಬಿಡುವುದಕ್ಕೆ ಅನುಮತಿಯೂ ಇಲ್ಲ, 2009ರಿಂದ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವೂ ಆಗಿದೆ. ಒಂದು ಬೆಂಡ್, ಹತ್ತು ಅಡಿ ಪೈಪು, ಒಂದು ದಿನದ ಕೂಲಿ, ಇಷ್ಟರಲ್ಲಿ ಆ ನೀರನ್ನು ಇಂಗುಗುಂಡಿಗೋ ಮಳೆನೀರಿನ ಚರಂಡಿಗೋ ತಿರುಗಿಸಬಹುದು. ಬೇರೆ ಯಾವ ಉಪಾಯ ಆರಿಸಿಕೊಂಡರೂ ಇದನ್ನು ಬಿಡಬೇಡಿ.

ಅಂಗಳದಲ್ಲೇ ಉಕ್ಕಲು ದಾರಿ ಬಿಡುವುದು

ಹಳೆಯ ಮನೆ ಕಟ್ಟಿದವರು ಹಿತ್ತಲಿನಲ್ಲಿ ಒಂದು ಗಲ್ಲಿ ಟ್ರ್ಯಾಪ್ ಇಟ್ಟಿರುತ್ತಿದ್ದರು. ಅಡುಗೆಮನೆ, ಬಚ್ಚಲ ನೀರು ಅದರೊಳಗೆ ಬಿದ್ದು ಆಮೇಲೆ ಚೇಂಬರಿಗೆ ಹೋಗುತ್ತಿತ್ತು. ಅದರ ಬಾಯಿ ಮನೆಯ ನೆಲಕ್ಕಿಂತ ಕೆಳಗಿರುತ್ತಿದ್ದುದರಿಂದ, ಕಟ್ಟಿದಾಗ ನೀರು ಮೊದಲು ಹಿತ್ತಲಲ್ಲಿ ಉಕ್ಕುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ನಾವು ಏನು ಮಾಡಿದೆವು? ವಾಸನೆ ಎಂದು ಟ್ರ್ಯಾಪ್ ತೆಗೆಸಿದೆವು, ಚೇಂಬರಿನ ಮೇಲೆ ಟೈಲ್ಸ್ ಹಾಕಿಸಿ ಸಿಮೆಂಟ್ ಮೆತ್ತಿದೆವು. ಹೊರಗೆ ಬಾಯಿಲ್ಲದ ನೀರು ಒಳಗಿನ ಬಾಯಿ ಹುಡುಕಿಕೊಂಡಿತು.

ಗಲ್ಲಿ ಟ್ರ್ಯಾಪನ್ನು ಮತ್ತೆ ಕೂರಿಸಿ, ಅದರ ಜಾಲರಿ ಒಳಗಿನ ಅತಿ ತಗ್ಗಿನ ನಹನಿ ಟ್ರ್ಯಾಪ್‌ಗಿಂತ ಅರ್ಧ ಅಡಿಯಾದರೂ ಕೆಳಗಿರುವಂತೆ ನೋಡಿಕೊಳ್ಳುವುದು ನನ್ನ ಮಟ್ಟಿಗೆ ಕಡಿಮೆ ಖರ್ಚಿನ ಅತ್ಯುತ್ತಮ ರಕ್ಷಣೆ. ತಿರುಗುವ ಭಾಗವಿಲ್ಲ, ಕೆಡುವುದಿಲ್ಲ, ವಯಸ್ಸಾದವರೇ ಇರುವ ಮನೆಯಲ್ಲೂ ತಾನಾಗಿ ಕೆಲಸ ಮಾಡುತ್ತದೆ.

ಇದಕ್ಕೂ ಮಿತಿಯಿದೆ. ಅಂಗಳದ ನೀರು ರಸ್ತೆಗೆ ಹರಿಯುವಂತಿರಬೇಕು. ಅಂಗಳವೇ ರಸ್ತೆಗಿಂತ ಬಾವಿಯಂತೆ ತಗ್ಗಿದ್ದರೆ ಅಲ್ಲಿ ತುಂಬಿ ಬಾಗಿಲಿಗೇ ಬರುತ್ತದೆ. ಇನ್ನೂ ಮುಖ್ಯವಾದದ್ದು ಸಂಪು. ಬೆಂಗಳೂರಿನ ಮನೆಗಳಲ್ಲಿ ಸಂಪು ಮತ್ತು ಚೇಂಬರ್ ಅಕ್ಕಪಕ್ಕ ಇರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಸಂಪಿನ ಬಾಯಿಗೆ ಅಂಗಳದಿಂದ ಅರ್ಧ ಅಡಿ ಎತ್ತರದ ಕಟ್ಟೆ, ಬಿಗಿಯಾದ ಮುಚ್ಚಳ ಇಲ್ಲದಿದ್ದರೆ ಕುಡಿಯುವ ನೀರಿಗೇ ಕೊಳಚೆ ಸೇರುತ್ತದೆ. ಈ ಉಪಾಯಕ್ಕೆ ಕೈಹಾಕುವ ಮೊದಲು ಸಂಪನ್ನು ಭದ್ರ ಮಾಡಿಸಿ.

ನಾನ್ ರಿಟರ್ನ್ ವಾಲ್ವ್

ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬಂದಾಗ ಮೊದಲು ಹೇಳುವುದು ಇದನ್ನೇ, ಏಕೆಂದರೆ ಅಲ್ಲಿ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ತಗ್ಗಿನಲ್ಲಿರುವ ಬಚ್ಚಲುಗಳಿಗೆ ಇಂಥ ವಾಲ್ವ್ ಹಾಕಬೇಕೆಂದು ಕಟ್ಟಡ ನಿಯಮಗಳೇ ಹೇಳುತ್ತವೆ. ಒಳಗೊಂದು ರೆಕ್ಕೆ ಇರುತ್ತದೆ. ಮನೆಯ ನೀರು ಹೋಗುವಾಗ ತೆರೆದುಕೊಂಡು, ಬೀದಿಯ ನೀರು ಹಿಂದಕ್ಕೆ ಬಂದಾಗ ಮುಚ್ಚಿಕೊಳ್ಳುತ್ತದೆ. ಬೀದಿಯಿಂದಲೇ ನೀರು ಬರುತ್ತಿದೆ, ನೆಲ ಮುಚ್ಚಳಕ್ಕಿಂತ ತಗ್ಗಿದೆ, ಹೊರಗೆ ಉಕ್ಕಿಸಲು ಅಂಗಳವಿಲ್ಲ ಎಂಬ ಮೂರೂ ಸೇರಿದಾಗ ಇದಕ್ಕೆ ಸರಿಸಾಟಿ ಇಲ್ಲ.

ಆದರೆ ಮೂರು ವಿಷಯ ತಿಳಿದಿರಬೇಕು. ಒಂದು, ವಾಲ್ವ್ ಮುಚ್ಚಿದಾಗ ಬೀದಿಯ ನೀರು ಒಳಬರುವುದಿಲ್ಲ, ನಮ್ಮ ನೀರೂ ಹೊರಹೋಗುವುದಿಲ್ಲ. ಆ ಹೊತ್ತು ಸ್ನಾನ, ಬಟ್ಟೆ ಒಗೆತ ನಿಲ್ಲಿಸಬೇಕು. ಎರಡು, ಮೇಲಿನ ಮಹಡಿಗಳ ಪೈಪು ವಾಲ್ವ್ ದಾಟಿದ ಮೇಲೆ, ರಸ್ತೆಯ ಕಡೆ ಸೇರಬೇಕು. ಎಲ್ಲವನ್ನೂ ವಾಲ್ವ್‌ಗಿಂತ ಮೊದಲೇ ಸೇರಿಸಿಬಿಟ್ಟರೆ, ವಾಲ್ವ್ ಮುಚ್ಚಿರುವಾಗ ಮಹಡಿಯ ಬಾಡಿಗೆದಾರರು ಫ್ಲಶ್ ಮಾಡಿದ್ದು ನೇರವಾಗಿ ನೆಲಮಹಡಿಯ ಬಚ್ಚಲಲ್ಲಿ ಏಳುತ್ತದೆ. ಲೆಕ್ಕ ಕೊಡುವವರು ಈ ಮಾತೆತ್ತದಿದ್ದರೆ ನೀವೇ ಎತ್ತಿ. ಮೂರು, ರೆಕ್ಕೆಯ ಸಂದಿಯಲ್ಲಿ ಒಂದು ಎಳೆ ನಾರು ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಮೂರು ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ತೊಳೆಯಬೇಕು, ಆದ್ದರಿಂದ ಕೈಗೆಟುಕುವ ಚೇಂಬರಿನೊಳಗೇ ಕೂರಿಸಬೇಕು. ನೋಡಿಕೊಳ್ಳುವವರಿಲ್ಲದ ಮನೆಗೆ ವಾಲ್ವ್ ಹಾಕಿಸುವುದು ಹುಸಿ ಧೈರ್ಯ. ಮತ್ತೆ, ಕಟ್ಟಿರುವುದು ನಿಮ್ಮದೇ ಪೈಪಿನಲ್ಲಾದರೆ ವಾಲ್ವ್‌ನಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

ಹೊಸ ಪೈಪು

ಬೇರು ಹತ್ತಾರು ಕಡೆ ನುಗ್ಗಿದೆ, ಪೈಪು ಕುಸಿದಿದೆ, ಜೋಡಣೆ ಸರಿದಿದೆ ಎಂದು ಖಚಿತವಾದರೆ ಇದೊಂದೇ ನಿಜವಾದ ಪರಿಹಾರ. ಖಚಿತವಾಗುವುದು ಕ್ಯಾಮೆರಾ ಬಿಟ್ಟು ನೋಡಿದಾಗ. ಪೈಪಿನೊಳಗೆ ಕ್ಯಾಮೆರಾ ತೂರಿಸಿ ವಿಡಿಯೊ ಕೊಡುವವರು ಈಗ ನಗರದಲ್ಲಿದ್ದಾರೆ. ಅಗೆಯುವ ಖರ್ಚಿಗೆ ಹೋಲಿಸಿದರೆ ಅದು ಚಿಕ್ಕ ಮೊತ್ತ. ವಿಡಿಯೊ ನೋಡದೆ ನೆಲ ಅಗೆಯಲು ನಾನಿನ್ನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ.

ಹೊಸ ಪೈಪು ಹಾಕಿಸುವಾಗ ಹಳೆಯದರ ಜಾಡಿನಲ್ಲೇ ಹೋಗಬೇಕೆಂದಿಲ್ಲ. ಮನೆಯೊಳಗಿನ ಪೈಪನ್ನು ಅಲ್ಲಿಯೇ ಮುಚ್ಚಿ, ಪಕ್ಕದ ಸಂದಿಯಲ್ಲಿ ಹೊರಗಿನಿಂದ ಹೊಸ ದಾರಿ ಮಾಡಿದರೆ ನೆಲ ಉಳಿಯುತ್ತದೆ, ಮುಂದೆ ರಿಪೇರಿಯೂ ಸುಲಭ. ಅಂಗಡಿಯಲ್ಲಿ ಗೋಡೆಯ ಮೇಲೆ ಹಾಕುವ ಬೂದುಬಣ್ಣದ ಎಸ್‌ಡಬ್ಲ್ಯುಆರ್ ಪೈಪನ್ನೇ ಕೊಡುತ್ತಾರೆ. ನೆಲದಡಿಗೆ ಭಾರತೀಯ ಮಾನಕ ಐಎಸ್ 15328 ಗುರುತಿನ, ಕಿತ್ತಳೆ ಛಾಯೆಯ ಕಂದು ಪೈಪು ಕೇಳಿ. ಕಾರು ಓಡಾಡುವ ಕಡೆ ಭಾರ ತಡೆಯುವ ಗಡಸುತನದ ದರ್ಜೆ ಎಸ್‌ಎನ್ 8 ಇರಲಿ. ಮೂರು ಮಹಡಿಯ ನೀರಿದ್ದರೆ 110ರ ಬದಲು 160 ಮಿಲಿಮೀಟರ್. ಅಡಿಯಲ್ಲಿ ಮರಳಿನ ಹಾಸು, ತಿರುವು ಬರುವ ಪ್ರತಿ ಕಡೆ ಒಂದು ಚೇಂಬರ್. ಹತ್ತೊಂಬತ್ತು ಜೋಡಣೆ ಇದ್ದಲ್ಲಿ ನಾಲ್ಕೈದು ಉಳಿಯುತ್ತವೆ, ಅವಕ್ಕೂ ರಬ್ಬರ್ ರಿಂಗ್ ಇರುವುದರಿಂದ ಬೇರಿಗೆ ತೇವದ ಸುಳಿವೇ ಸಿಗುವುದಿಲ್ಲ. ಮರ ಕಡಿಯುವ ಅಗತ್ಯವೂ ಬೀಳುವುದಿಲ್ಲ.

ಅಗೆಯದೆ ಹಳೆಯ ಪೈಪಿನೊಳಗೇ ಹೊಸ ಪದರ ಮೂಡಿಸುವ ವಿಧಾನವೂ ಇದೆ. ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಒಳಗೆ ಬಿಟ್ಟು, ಉಬ್ಬಿಸಿ, ಗಟ್ಟಿಯಾಗಿಸುತ್ತಾರೆ. 1971ರಲ್ಲಿ ಲಂಡನ್ನಿನಲ್ಲಿ ಶುರುವಾದ ಇದನ್ನು ನಮ್ಮಲ್ಲಿ ಹೆಚ್ಚಾಗಿ ರಸ್ತೆಯ ದೊಡ್ಡ ಕೊಳವೆಗಳಿಗೆ ಬಳಸುತ್ತಾರೆ, ಒಂದು ಮನೆಯ 40 ಅಡಿಗೆ ದುಬಾರಿಯಾಗುತ್ತದೆ. ಬಿರುಕು, ಬೇರುಗಳಿಗೆ ಸರಿ. ಪೈಪು ಕುಸಿದು ಇಳಿಜಾರು ಕೆಟ್ಟಿದ್ದರೆ ಹೊಸ ಪದರವೂ ಅದೇ ತಗ್ಗಿನಲ್ಲಿ ಮಲಗುತ್ತದೆ. ಪೈಪಿನ ಮೇಲೆ ಮುಟ್ಟಲಾಗದಂಥದ್ದು ಏನಾದರೂ ಇದ್ದಾಗ ಮಾತ್ರ ವಿಚಾರಿಸಿ.

ಯಾರಿಗೆ ಯಾವುದು

ವಯಸ್ಸಾದ ತಂದೆ ತಾಯಿ ಇಬ್ಬರೇ ಇರುವ, ಮಕ್ಕಳು ಹೊರದೇಶದಲ್ಲಿರುವ ಮನೆಗೆ ನಾನು ವಾಲ್ವ್‌ಗಿಂತ ಗಲ್ಲಿ ಟ್ರ್ಯಾಪನ್ನೇ ಹೇಳುತ್ತೇನೆ, ಜೊತೆಗೆ ಮಳೆನೀರನ್ನು ಬೇರೆ ಮಾಡುವುದು ಮತ್ತು ಮೇ ತಿಂಗಳ ಜೆಟ್. ಮೂರೂ ಸೇರಿ ಸಾವಿರಗಳಲ್ಲಿ ಮುಗಿಯುತ್ತದೆ, ಲಕ್ಷಕ್ಕೆ ಹೋಗುವುದಿಲ್ಲ.

ಮೇಲೆ ಬಾಡಿಗೆ ಕೊಟ್ಟು ಕೆಳಗೆ ತಾವಿರುವವರು, ನೆಲ ರಸ್ತೆಗಿಂತ ತಗ್ಗಿದ್ದರೆ, ವಾಲ್ವ್ ಹಾಕಿಸಲಿ. ಆದರೆ ಮಹಡಿಯ ಪೈಪನ್ನು ಬೇರೆ ಮಾಡಿಸಿದ ಮೇಲೆಯೇ. ಎರಡೂ ಕೆಲಸಕ್ಕೆ ಹಣ ಹೊಂದದಿದ್ದರೆ ಮೊದಲು ಪೈಪು ಬೇರೆ ಮಾಡಿಸಿ, ವಾಲ್ವ್ ಮುಂದಿನ ವರ್ಷವಾಗಲಿ.

ಮೂರು ನಾಲ್ಕು ವರ್ಷದಲ್ಲಿ ಮನೆ ಕೆಡವಿ ಕಟ್ಟುವವರಿದ್ದರೆ ಹೊಸ ಪೈಪಿಗೆ ಹಣ ಹಾಕಬೇಡಿ. ಜೆಟ್ ಹಾಕಿಸುತ್ತಾ ದಿನ ದೂಡಿ, ಹೊಸ ಮನೆಯ ಪಾಯವನ್ನು ಈಗಿನ ರಸ್ತೆಗಿಂತ ಎರಡು ಮೂರು ಅಡಿ ಎತ್ತರಿಸಿ. ಆ ಮನೆಯಲ್ಲೇ ಬಾಳಿ ಬದುಕಬೇಕೆಂದಿರುವವರು, ವಿಡಿಯೊದಲ್ಲಿ ಪೈಪು ಹಾಳಾಗಿದ್ದು ಕಂಡರೆ, ತೇಪೆ ಹಚ್ಚುತ್ತಾ ಕೂರದೆ ಒಮ್ಮೆಗೇ ಬದಲಿಸಿಬಿಡಿ. ಹಣ ಹೊಂದಿಸಲು ಕಷ್ಟವೆಂದರೆ ಮರಕ್ಕೆ ಹತ್ತಿರದ, ಎರಡು ಚೇಂಬರ್‌ಗಳ ನಡುವಿನ ತುಂಡನ್ನು ಈ ವರ್ಷ, ಉಳಿದದ್ದನ್ನು ಮುಂದಿನ ವರ್ಷ ಮಾಡಿಸಬಹುದು.

ಬಾಡಿಗೆಗೆ ಇರುವವರ ಕೈಯಲ್ಲಿ ಇವು ಯಾವುವೂ ಇಲ್ಲ. ಅವರು ಮನೆ ಒಪ್ಪಿಕೊಳ್ಳುವ ಮೊದಲು ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ಕಮೋಡ್‌ನಲ್ಲಿ ಗುಳ್ಳೆ ಏಳುತ್ತದೆಯೇ ನೋಡಲಿ. ಬಚ್ಚಲಿನ ಗೋಡೆಯ ಅಡಿಯಲ್ಲಿ ನೀರು ನಿಂತ ಗೆರೆಯಿದ್ದರೆ ಅದರ ಬಗ್ಗೆ ಕೇಳಲಿ.

ಈಗಾಗಲೇ ಉಕ್ಕಿ ಒಳಗೆ ನೀರು ಬಂದಿದ್ದರೆ, ಮೊದಲು ಆ ಕೋಣೆಯ ಮತ್ತು ಸಂಪಿನ ಮೋಟಾರಿನ ವಿದ್ಯುತ್ ತೆಗೆಯಿರಿ. ಬರಿಗಾಲಲ್ಲಿ ಆ ನೀರಿಗೆ ಇಳಿಯಬೇಡಿ, ಇಲಿ ಜ್ವರ ಹರಡುವುದು ಇಂಥ ನೀರಿನಿಂದಲೇ. ನೀರು ಇಳಿದ ಮೇಲೆ ಸೋಪಿನಿಂದ ತೊಳೆದು ಬ್ಲೀಚಿಂಗ್ ಪುಡಿ ಹಾಕಿ, ಸಂಪಿಗೆ ಸೇರಿದ ಅನುಮಾನವಿದ್ದರೆ ಖಾಲಿ ಮಾಡಿಸಿ.

ಯಾವ ಕೆಲಸ ಮಾಡಿಸಿದರೂ ಗುಂಡಿ ಮುಚ್ಚುವ ಮೊದಲು ನೀವು ಅಲ್ಲಿರಬೇಕು. ಕೆಳಗಿನ ತುದಿಯನ್ನು ಬಿರಡೆಯಿಂದ ಮುಚ್ಚಿಸಿ, ಪೈಪಿಗೆ ನೀರು ತುಂಬಿಸಿ, ಮೇಲಿನ ಚೇಂಬರಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಕಾಫಿ ಕುಡಿದು ಬಂದು ನೋಡಿದಾಗ ನೀರು ಗೆರೆಯಿಂದ ಇಳಿದಿದ್ದರೆ ಎಲ್ಲೋ ಜೋಡಣೆ ಸೋರುತ್ತಿದೆ, ಆಗಲೇ ಸರಿಪಡಿಸಬಹುದು. ಸರಿಯಿದ್ದರೆ ಟೇಪು ಹಿಡಿದು, ಕಾಂಪೌಂಡ್ ಗೋಡೆಯಿಂದ ಪ್ರತಿ ಚೇಂಬರಿಗೆ ಎಷ್ಟು ದೂರ, ಎಷ್ಟು ಆಳ ಎಂಬುದು ಕಾಣುವಂತೆ ಫೋಟೊ ತೆಗೆದು, ಒಂದು ನಕ್ಷೆಯ ಜೊತೆ ಮನೆಯ ಪತ್ರಗಳಿರುವ ಕಡತದಲ್ಲಿ ಇಡಿ.